ನಂದಿನಿಯ ಬೋಳು ಕ್ಯಾಮೆರಾ

ಗೋಕಾಕದ ನಂದಿನಿ ಕಾಂಬಳೆಯ ಮೇಜಿಗೆ ಬಂದ ಕ್ಯಾಮೆರಾ ತಿರುಗಿ ಹೋಗುವಾಗ ಬಂದದ್ದಕ್ಕಿಂತ ಹಗುರವಾಗಿರುತ್ತದೆ. ಅದರ ಜೊತೆಗೆ ಮಾಲೀಕನ ಕೈಗೆ ಒಂದು ಪುಟ್ಟ ಪೊಟ್ಟಣವೂ ಸಿಗುತ್ತದೆ. ಪೊಟ್ಟಣದೊಳಗೆ ಕ್ಯಾಮೆರಾದಿಂದ ಕಳಚಿದ ಸ್ಪ್ರಿಂಗು, ಸನ್ನೆಕೋಲು, ಹಲ್ಲಿನ ಚಕ್ರ, ಗೇಣುದ್ದದ ತಂತಿ. ಮೇಲೆ ಯಾವುದು ಎಲ್ಲಿತ್ತು ಎಂದು ಬಾಲ್‌ಪೆನ್ನಿನಲ್ಲಿ ಬರೆದ ಚೀಟಿ. ಮೊದಲ ಸಲ ಬಂದವರು ಪೊಟ್ಟಣವನ್ನು ಅಲುಗಾಡಿಸಿ ನೋಡಿ ಗಾಬರಿಯಾಗುತ್ತಾರೆ.

‘ಇಷ್ಟೆಲ್ಲಾ ತಗದ ಮ್ಯಾಲೆ ಇದು ನಡೀತೈತೇನ್ರಿ?’

‘ಇಷ್ಟೆಲ್ಲಾ ಇದ್ದಾಗ ನಡೀತಿತ್ತೇನ್ರಿ?’ ಎಂಬುದು ನಂದಿನಿಯ ಉತ್ತರ.

ಇಂಥ ಕ್ಯಾಮೆರಾಗಳಿಗೆ ಬೋಳು ಕ್ಯಾಮೆರಾ ಎಂಬ ಹೆಸರು ಬಿದ್ದಿದೆ. ಯಾರು ಇಟ್ಟರೋ ಗೊತ್ತಿಲ್ಲ. ಬೆಳಗಾವಿ, ಕೊಲ್ಲಾಪುರ ಕಡೆಯವರು ಫೋನ್ ಮಾಡಿ ‘ಬೋಳು ಮಾಡೂ ಅಕ್ಕಾರು ಅದಾರೇನ್ರಿ?’ ಎಂದೇ ಕೇಳುತ್ತಾರೆ. ಅವಳಿಗೆ ಅದರಲ್ಲಿ ತಕರಾರಿಲ್ಲ.

ನಂದಿನಿಗೆ ಈಗ ನಲವತ್ತಮೂರು. ಐಟಿಐಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಕಲಿತು, ಘಟಪ್ರಭಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕಿದ್ದಾಳೆ. ಉಗಿಯ ಒತ್ತಡ ತೋರಿಸುವ ಗೇಜು, ಉಷ್ಣತೆ ತೋರಿಸುವ ಮುಳ್ಳು, ವಾಲ್ವು, ಇವುಗಳ ಆರೋಗ್ಯ ಅವಳ ಪಾಲಿನದು. ಅಪ್ಪ ಉದ್ದಪ್ಪ ಕಬ್ಬು ಕಡಿಯುವ ಟೋಳಿಯಲ್ಲಿದ್ದವನು. ಅವನು ಕಡಿದ ಕಬ್ಬಿನ ಗಾಡಿ ಒಳಗೆ ಹೋಗುತ್ತಿದ್ದ ಗೇಟಿನಲ್ಲೇ ಮಗಳು ಹಾಜರಿ ಹಾಕತೊಡಗಿದಾಗ, ಒಂದು ವಾರ ದಿನವೂ ಗೇಟಿನವರೆಗೆ ಬಂದು ನಿಂತು ನೋಡಿ ಹೋಗುತ್ತಿದ್ದನಂತೆ.

ಹನ್ನೆರಡು ವರ್ಷದ ಹಿಂದೆ ಕಾರ್ಖಾನೆಯ ಉಗ್ರಾಣದವರು ಗುಜರಿಗೆ ಹಾಕಿದ ರಾಶಿಯಲ್ಲಿ ಒಂದು ಹಳೆಯ ಜಪಾನಿ ಫಿಲ್ಮ್ ಕ್ಯಾಮೆರಾ ಇತ್ತು. ಮುರಿದ ಯಂತ್ರಗಳ ಫೋಟೋ ತೆಗೆದು ವಿಮೆಯವರಿಗೆ ಕಳಿಸಲು ಒಂದು ಕಾಲದಲ್ಲಿ ಇಟ್ಟುಕೊಂಡಿದ್ದದ್ದು. ನಂದಿನಿ ಅದನ್ನು ಕೇಳಿ ಪಡೆದು, ಮನೆಗೆ ತಂದು, ಗೇಜು ಬಿಚ್ಚುವ ಹಾಗೆಯೇ ಬಿಚ್ಚಿದಳು. ಬೆಳಕನ್ನು ಒಂದು ಕ್ಷಣ ಒಳಗೆ ಬಿಡುವ ಪರದೆ, ಫಿಲ್ಮನ್ನು ಮುಂದಕ್ಕೆ ಎಳೆಯುವ ಸನ್ನೆ, ನೋಡುವ ಗಾಜು. ಕೆಲಸ ಮಾಡುವುದು ಇಷ್ಟೇ. ಉಳಿದದ್ದೆಲ್ಲ ಒಬ್ಬರಿಗಿಂತ ಒಬ್ಬರು ಹೆಚ್ಚು ಕೊಡುತ್ತೇವೆಂದು ಕಂಪನಿಗಳು ಸೇರಿಸುತ್ತ ಹೋದದ್ದು. ಬಲ್ಬೇ ಸಿಗದ ಫ್ಲ್ಯಾಶಿಗೆ ಒಂದು ತೂತು, ಬ್ಯಾಟರಿಯೇ ತಯಾರಾಗದ ಮೀಟರಿಗೆ ಒಂದು ಮುಳ್ಳು, ತನ್ನ ಫೋಟೋ ತಾನೇ ತೆಗೆದುಕೊಳ್ಳಲು ಒಂದು ಟೈಮರು. ಐವತ್ತು ವರ್ಷ ಕಳೆದ ಮೇಲೆ ಕೆಡುವುದು, ಸಿಕ್ಕಿಬೀಳುವುದು, ಉಳಿದವನ್ನೂ ಹಿಡಿದು ನಿಲ್ಲಿಸುವುದು ಇವೇ.

ಏನನ್ನು ತೆಗೆಯಬೇಕು ಎಂಬುದನ್ನು ಅವಳು ಊಹಿಸುವುದಿಲ್ಲ. ಅದಕ್ಕೊಂದು ಪರೀಕ್ಷೆ ಇದೆ, ಅದೂ ಕಾರ್ಖಾನೆಯಲ್ಲಿ ಕಲಿತದ್ದು. ಅವಳು ಕೆಲಸಕ್ಕೆ ಸೇರಿದಾಗ ಶೆಟ್ಟೆಪ್ಪ ಎಂಬ ಹಳೆಯ ಫೋರ್‌ಮನ್ ಇದ್ದ. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲು ಪ್ರತಿ ವಾಲ್ವಿನ ಹಿಡಿಕೆಯಿಂದ ಪೈಪಿನವರೆಗೆ ಒಂದು ಬಣ್ಣದ ಗೆರೆ ಎಳೆಯುತ್ತಿದ್ದ. ಹಂಗಾಮು ಮುಗಿದಾಗ ಗೆರೆ ಸೀಳದೆ ಉಳಿದಿದ್ದರೆ ಆ ವಾಲ್ವನ್ನು ಯಾರೂ ತಿರುವಿಲ್ಲವೆಂದು ಅರ್ಥ. ‘ವರ್ಷಾನಗಟ್ಲೆ ಯಾರೂ ಮುಟ್ಟದ ವಾಲ್ವು ಅಂದ್ರ ಸೋರಾಕ ಕಾಯ್ಕೊಂತ ಕುಂತ ವಾಲ್ವು, ತಂಗಿ’ ಎನ್ನುತ್ತ ಅದನ್ನು ಕಿತ್ತು ಮುಚ್ಚಿಸುತ್ತಿದ್ದ. ನಂದಿನಿ ಕ್ಯಾಮೆರಾದ ಪ್ರತಿ ಗುಂಡಿ, ಸನ್ನೆ, ತಿರುಗಣಿಯ ಅಂಚಿಗೆ ಉಗುರುಬಣ್ಣದ ಚುಕ್ಕೆ ಇಟ್ಟು ಮಾಲೀಕನಿಗೆ ವಾಪಸು ಕೊಡುತ್ತಾಳೆ. ಎರಡು ರೀಲು ತೆಗೆದುಕೊಂಡು ಬನ್ನಿ ಎನ್ನುತ್ತಾಳೆ. ಬಂದಾಗ ಒಡೆಯದೆ ಉಳಿದ ಚುಕ್ಕೆಗಳೇ ಕಳಚಬೇಕಾದವುಗಳ ಪಟ್ಟಿ. ಮಾಲೀಕ ಬಾಯಲ್ಲಿ ಏನೇ ಹೇಳಲಿ, ಬೆರಳು ಸುಳ್ಳು ಹೇಳುವುದಿಲ್ಲ ಎಂದು ಅವಳು ನಂಬಿದ್ದಳು. ಮಾಲಿಂಗನ ಕ್ಯಾಮೆರಾದವರೆಗೆ ಆ ನಂಬಿಕೆಗೆ ಪೆಟ್ಟು ಬಿದ್ದಿರಲಿಲ್ಲ.

ಮಾಲಿಂಗ ಕುಲಗೋಡದ ಕುರಿಗಾರ. ಮೂವತ್ತೊಂದು ವರ್ಷ. ದೀಪಾವಳಿ ಮುಗಿದ ಮೇಲೆ ಅವನ ಮನೆಯವರು ಕುರಿಗಳೊಂದಿಗೆ ಪಶ್ಚಿಮಕ್ಕೆ ಹೊರಡುತ್ತಾರೆ. ದಾರಿಯಲ್ಲಿ ರೈತರ ಹೊಲಗಳಲ್ಲಿ ಎರಡೆರಡು ದಿನ ಹಟ್ಟಿ ಹಾಕಿ, ಗೊಬ್ಬರ ಕೊಟ್ಟು ಜೋಳ ಪಡೆದು, ಗೋಕಾಕ, ಹಿಡಕಲ್, ಹುಕ್ಕೇರಿ ದಾಟಿ, ಕಣಗಲಾದ ಹತ್ತಿರ ಹೆದ್ದಾರಿ ಹಾದು ಆಚೆಗೆ. ಈ ನಡಿಗೆಯನ್ನು ಅವನು ಮೊದಲು ಮೊಬೈಲಿನಲ್ಲಿ ಹಿಡಿಯುತ್ತಿದ್ದ. ನಾಲ್ಕು ವರ್ಷದ ಫೋಟೋಗಳು ಮೊಬೈಲಿನ ಜೊತೆ ಕಾಲುವೆಯ ಪಾಲಾದವು. ಮೂಡಲಗಿಯಲ್ಲಿ ಲಗ್ನದ ಫೋಟೋ ತೆಗೆಯುತ್ತಿದ್ದ ದುರ್ಗಪ್ಪ ಅಂಗಡಿ ಮುಚ್ಚುವಾಗ ಅವನ ಹಳೆಯ ಫಿಲ್ಮ್ ಕ್ಯಾಮೆರಾವನ್ನು ಮಾಲಿಂಗ ಕೊಂಡ. ಚಾರ್ಜು ಬೇಡ, ಅಷ್ಟೇ ಕಾರಣ.

ಹೋದ ವರ್ಷ ದಸರಾ ಹೊತ್ತಿಗೆ ಅವನು ನಂದಿನಿಯ ಮನೆಗೆ ಬಂದದ್ದು ಒಂದು ಗಡುವು ಹೊತ್ತುಕೊಂಡು.

‘ಈ ಸಲ ನಮ್ಮವ್ವಂದು ಕಡೀ ನಡಿಗಿರಿ, ಅಕ್ಕಾರ. ಮೊಣಕಾಲ ಬಾತಾವ. ಬರೂ ವರ್ಷ ಕುಲಗೋಡದಾಗ ಮರಿ ನೋಡ್ಕೊಂಡ ಇರತೀನಿ ಅಂತ ತಾನ ಹೇಳ್ಯಾಳ. ಐವತ್ತ ವರ್ಷ ನಡದಾಳ್ರಿ. ಒಂದ ಫೋಟೋ ಇಲ್ಲ.’

‘ಒಂದೂ ಇಲ್ಲ?’

‘ಆಧಾರ್ ಕಾರ್ಡಿನ್ಯಾಗ ಐತ್ರಿ. ಅದರಾಗ ಕಳ್ಳಿ ಕಂಡಂಗ ಕಾಣತೇನಿ ಅಂತ ಯಾರಿಗೂ ತೋರಸೂದಿಲ್ಲ.’

ಕ್ಯಾಮೆರಾದ ತೊಂದರೆ ಸರಳವಾಗಿತ್ತು. ಮಾಲಿಂಗ ಅದನ್ನು ಕಂಬಳಿಯ ಒಳಗೆ ತೂಗುಹಾಕಿಕೊಳ್ಳುತ್ತಿದ್ದ. ಟೈಮರಿನ ಸನ್ನೆ ಕಂಬಳಿಯ ಎಳೆಗೆ ಸಿಕ್ಕು, ಒತ್ತಿದಾಗ ಫೋಟೋ ಬೀಳದೆ ಹತ್ತು ಸೆಕೆಂಡು ಗುಂಯ್‌ಗುಡುತ್ತಿತ್ತು. ಎಡತುದಿಯಲ್ಲಿ ರೀಲು ಹಿಂದಕ್ಕೆ ಸುತ್ತುವ ತಿರುಗಣಿಯ ಸುತ್ತ ಉಣ್ಣೆ ಕೂದಲು ಹಗ್ಗದಂತೆ ಹೊಸೆದುಕೊಳ್ಳುತ್ತಿತ್ತು. ನಂದಿನಿ ಚುಕ್ಕೆಗಳನ್ನಿಟ್ಟಳು. ಮಾಲಿಂಗ ಕ್ಯಾಮೆರಾವನ್ನು ಕಂಬಳಿಯ ಹೊರಗೇ ಇಟ್ಟುಕೊಂಡು ಎರಡು ರೀಲು ತೆಗೆದು ತಂದ. ಫೋಟೋಗಳು ಚೆನ್ನಾಗಿಯೇ ಬಂದಿದ್ದವು. ಟೈಮರು, ಮೀಟರು, ಫ್ಲ್ಯಾಶಿನ ತೂತುಗಳು, ಎಲ್ಲದರ ಚುಕ್ಕೆ ಒಡೆಯದೆ ಉಳಿದಿತ್ತು.

ಎಷ್ಟನೇ ಫೋಟೋ ಎಂದು ತೋರಿಸುವ ಅಂಕಿಯ ಬಿಲ್ಲೆಗೆ ಚುಕ್ಕೆ ಇಡಲು ಬರುವುದಿಲ್ಲ, ಅದನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿ ಬಾಯಲ್ಲಿ ಕೇಳಿದಳು.

‘ಇದನ್ನ ನೋಡ್ತೀ ಏನ?’

ಮಾಲಿಂಗ ನಕ್ಕ. ‘ನಾವು ಎಣಸೂ ಮಂದಿ ಅಲ್ರಿ. ಕುರಿ ಎಣಸಿದ್ರ ಕಮ್ಮಿ ಆಕ್ಕಾವು ಅಂತಾರ. ಹಟ್ಟಿ ಮ್ಯಾಲೆ ಕಣ್ಣ ಹಾಯ್ಸಿದ್ರ ಯಾವುದು ಬಂದಿಲ್ಲ ಅಂತ ತಿಳೀತೈತಿ. ಎಣಕಿ ಯಾತಕ್ಕ? ರೀಲು ಮುಗದ್ರ ಸನ್ನಿ ತಾನ ಬಿಗಿ ಆಗಿ ನಿಲ್ಲತೈತಿ.’

ಬಿಲ್ಲೆಯೂ ಅದರ ಎರಡು ಸ್ಪ್ರಿಂಗೂ ಪೊಟ್ಟಣ ಸೇರಿದವು. ಎಡಗಡೆಯ ತಿರುಗಣಿಯನ್ನು ತೆಗೆಯುವಂತಿರಲಿಲ್ಲ, ರೀಲು ಸುತ್ತಲು ಅದು ಬೇಕು. ಆದರೆ ರೀಲು ಹಾಕುವಾಗ, ತೆಗೆಯುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ಅದರ ಕೆಲಸವಿಲ್ಲ ಎಂದು ಮಾಲಿಂಗನೇ ಹೇಳಿದ. ನಂದಿನಿ ಅದರ ತಲೆಯನ್ನು ಗಿಡ್ಡ ಮಾಡಿ, ಮೇಲೆ ಹಿತ್ತಾಳೆಯ ತೆಳು ಟೊಪ್ಪಿಗೆ ಕೂರಿಸಿದಳು. ಕಂಬಳಿಯ ಒಂದು ಎಳೆಯೂ ಇನ್ನು ಸಿಗದು. ಬೆಳಕಿಗೆ ತಕ್ಕಂತೆ ತಿರುಗಿಸುವ ಹನ್ನೊಂದು ಅಂಕಿಗಳ ಬಿಲ್ಲೆಯಲ್ಲಿ ಮೂರು ಕಚ್ಚು ಮಾತ್ರ ಉಳಿಸಿದಳು. ಒಂದು ಕಚ್ಚು ಬಿಸಿಲಿಗೆ, ಎರಡು ಮೋಡಕ್ಕೆ, ಮೂರು ಸಂಜೆಗೆ. ಕಣ್ಣುಮುಚ್ಚಿಯೂ ಹೆಬ್ಬೆರಳಿಗೆ ತಿಳಿಯುವಂತೆ. ಐವತ್ತೆಂಟು ಗ್ರಾಂ ಇಳಿದಿತ್ತು. ಅದು ಅವಳು ಆವರೆಗೆ ಮಾಡಿದ್ದರಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾದ ಕೆಲಸವಾಗಿತ್ತು, ಅದು ಅವಳಿಗೂ ಗೊತ್ತಿತ್ತು.

ಹಿಂಡು ಹೊರಟಿತು. ಕಾರ್ಖಾನೆಯಲ್ಲಿ ಬಾಯ್ಲರಿಗೆ ಪೂಜೆಯಾಗಿ ಬೆಂಕಿ ಬಿತ್ತು, ನುರಿಸುವ ಹಂಗಾಮು ಶುರುವಾಯಿತು. ಇಪ್ಪತ್ತೆರಡು ದಿನದ ಮೇಲೆ ಹಿಡಕಲ್ಲಿನಿಂದ ಗೋಕಾಕದ ಪೇಟೆಗೆ ಬರುವ ಮೀನಿನವನೊಬ್ಬ ಮಾಲಿಂಗನ ಮೊದಲ ರೀಲನ್ನು ತಂದು ಕೊಟ್ಟ.

ರವಿವಾರ ಮುಂಜಾನೆ ನಂದಿನಿ ಅದನ್ನು ತೊಳೆದಳು. ಔಷಧದಿಂದ ಎತ್ತಿ ಕಿಟಕಿಗೆ ಹಿಡಿದಾಗ ಪಟ್ಟಿ ಗಾಜಿನಷ್ಟು ತಿಳಿಯಾಗಿತ್ತು. ರೀಲು ಹಾಕುವಾಗಲೇ ಬೆಳಕು ತಾಗಿ ಕಪ್ಪಾಗುವ ಮೊದಲ ತುಂಡು ಬಿಟ್ಟರೆ ಆ ತುದಿಯವರೆಗೆ ಏನೂ ಇರಲಿಲ್ಲ. ಅಂಚಿನಲ್ಲಿ ಕಂಪನಿಯ ಹೆಸರು, ಅಂಕಿಗಳು ಮಾತ್ರ ಸ್ಪಷ್ಟವಾಗಿ ಮೂಡಿದ್ದವು. ಎಂದರೆ ತೊಳೆದದ್ದರಲ್ಲಿ ತಪ್ಪಿಲ್ಲ. ಉಳಿದ ಫಿಲ್ಮಿನ ಮೇಲೆ ಬೆಳಕೇ ಬಿದ್ದಿಲ್ಲ.

ಆದದ್ದೇನು ಎಂಬುದು ಅವಳಿಗೆ ನಿಂತಲ್ಲೇ ಹೊಳೆಯಿತು. ರೀಲು ಹಾಕುವಾಗ ಅದರ ನಾಲಿಗೆಯನ್ನು ಎದುರಿನ ಉರುಳೆಯ ಸೀಳಿಗೆ ಸಿಕ್ಕಿಸಬೇಕು. ಅದು ಕಚ್ಚಿಕೊಂಡಿಲ್ಲ. ಸನ್ನೆ ತಿರುಗಿದೆ, ಪರದೆ ತೆರೆದು ಮುಚ್ಚಿದೆ, ಟಕ್ಕೆಂದಿದೆ. ಫಿಲ್ಮು ಮಾತ್ರ ಇದ್ದಲ್ಲೇ ಇದೆ. ಎಷ್ಟು ಒತ್ತಿದರೂ ರೀಲು ಮುಗಿಯುವುದಿಲ್ಲ. ಮೂವತ್ತಾರು ಫೋಟೋಗಳ ರೀಲು, ಎಣಿಸುವವನಾಗಿದ್ದರೆ ನಲವತ್ತು ದಾಟಿದಾಗ ಅನುಮಾನ ಬರುತ್ತಿತ್ತು. ಇನ್ನೊಂದು ಗುರುತೂ ಇದೆ. ಫಿಲ್ಮು ಸರಿಯಾಗಿ ಎಳೆಯುತ್ತಿದ್ದರೆ ಪ್ರತಿ ಸಲ ಎಡಗಡೆಯ ತಿರುಗಣಿ ತಾನೂ ಒಂದಿಷ್ಟು ತಿರುಗುತ್ತದೆ. ಬಿಲ್ಲೆಯನ್ನು ಅವಳು ಕಿತ್ತಿದ್ದಳು, ತಿರುಗಣಿಗೆ ಟೊಪ್ಪಿಗೆ ಹಾಕಿದ್ದಳು.

ಎರಡು ದಿನ ಮಾಲಿಂಗನ ಫೋನು ಹತ್ತಲಿಲ್ಲ. ಮೂರನೆಯ ದಿನ ಹುಕ್ಕೇರಿಯ ಆಚೆ ಯಾವುದೋ ಹಿಟ್ಟಿನ ಗಿರಣಿಯಲ್ಲಿ ಚಾರ್ಜಿಗೆ ಇಟ್ಟಾಗ ಸಿಕ್ಕ.

‘ಮಾಲಿಂಗಾ, ರೀಲು ಖಾಲಿ ಐತಿ. ಒಂದೂ ಬಂದಿಲ್ಲ.’

ಮಾಲಿಂಗ ಗಿರಣಿಯ ಸದ್ದಿಗಿಂತ ಜೋರಾಗಿ ಮಾತಾಡಿದ.

‘ಭಾಳ ದಿನ ಬಂತ್ರಿ ಅದು’ ಎಂದ. ‘ಮುಗೀಲೇ ಇಲ್ಲ. ನೀವ ಮಾಡಿದ ಮ್ಯಾಲೆ ರೀಲಿಗೆ ಬರಕತ್ತ ಬಂದೈತಿ, ತೀರದಂಗ ಆಗೇತಿ ಅಂತ ತಿಳ್ಕೊಂಡೆ. ಕಡೀಕ ನಮ್ಮವ್ವಾನ ಸಾಕು, ರೀಲು ತಗದ ಕೊಡು ಅಂದ್ಲು.’

ನಾಲಿಗೆ ಸಿಕ್ಕಿಸಿದವನು ಅವನು. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ನಂದಿನಿ ಹೇಳಿದ್ದು ಬೇರೆ: ‘ಹಾಕೂದ್ರಾಗ ನೀ ತಪ್ಪಿದಿ. ಆದ್ರ ತಪ್ಪೇತಿ ಅಂತ ತಿಳಿಯೂ ದಾರಿ ಇತ್ತು. ಅದನ್ನ ನಾ ಮುಚ್ಚಿ ಕೊಟ್ಟೆ.’

ಅಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ ಏರಿತು. ‘ನಾ ಬಡ್ಕೊಳ್ಳಿಲ್ಲೇನೋ? ಆ ಗಾಲಿ ಯಾಕ ಮುಚ್ಚಿಸ್ಕೊಂಡ ಬಂದೀ ಅಂತ? ಗಾಲಿ ಕಾಣದ ನನಗೇನ ತಿಳೀಬೇಕು?’

‘ಯಾರದು?’ ಎಂದಳು ನಂದಿನಿ.

‘ನಮ್ಮವ್ವರಿ.’

‘ಫೋನ್ ಅವ್ರ ಕೈಯಾಗ ಕೊಡು.’

ಸೀತವ್ವ ಫೋನಿನಲ್ಲಿ ಮಾತಾಡುವುದು ಗುಡ್ಡದ ಆಚೆಗೆ ಕೂಗಿದ ಹಾಗೆ. ಅವಳು ವಿವರಿಸಿದ್ದು ಇಷ್ಟು: ಮಗನ ಒಂದು ಕಣ್ಣು ಗಾಜಿನೊಳಗಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ಅವಳು ಅವನ ಎಡಕ್ಕೆ ನಿಲ್ಲುತ್ತಾಳೆ. ಅವನು ಸನ್ನೆ ಎಳೆದಾಗ ಗಾಲಿ ತಿರುಗಿದರೆ ‘ಬಂತು’ ಎನ್ನುತ್ತಾಳೆ, ತಿರುಗದಿದ್ದರೆ ‘ಇಲ್ಲ’ ಎನ್ನುತ್ತಾಳೆ. ಕುಲಗೋಡದಲ್ಲಿ ಒಂದು ಸಲ ಹೀಗೇ ಇಲ್ಲ ಎಂದು ಹೇಳಿ, ಬಿಚ್ಚಿಸಿ, ಮತ್ತೆ ಹಾಕಿಸಿದ್ದಳು. ತನ್ನ ಫೋಟೋ ತೆಗೆಯುವಾಗಲೂ ಅಷ್ಟೆ, ಅವನು ಮುಂದಿನದಕ್ಕೆ ಸನ್ನೆ ಎಳೆಯುವಷ್ಟರಲ್ಲಿ ಎಡಕ್ಕೆ ಬಂದು ನಿಲ್ಲುತ್ತಿದ್ದಳು.

‘ನೀ ಅವನ್ನ ಕೇಳಿದಿ, ಯವ್ವಾ. ಗಾಲಿ ನೋಡಾಕಿ ನಾನು.’

ಹನ್ನೆರಡು ವರ್ಷ ನಂದಿನಿ ಬೆರಳುಗಳನ್ನು ಪರೀಕ್ಷಿಸಿದ್ದಳು, ಅದೂ ಮಾಲೀಕನ ಬೆರಳುಗಳನ್ನು. ಪಕ್ಕದಲ್ಲಿ ನಿಂತವರ ಕಣ್ಣಿಗೆ ಚುಕ್ಕೆ ಇಡುವ ಉಪಾಯ ಅವಳ ಬಳಿ ಇರಲಿಲ್ಲ. ‘ಹೈವೇ ಯಾವಾಗ ದಾಟತೀರಿ, ಆಯಿ?’ ಎಂದು ಕೇಳಿದಳು.

‘ನಾಡದ ಮುಂಜಾನೆ.’

ಹೆದ್ದಾರಿ ದಾಟಿದರೆ ಹಿಂಡು ಎರಡಾಗಿ ಒಡೆಯುತ್ತದೆ. ಮಾಲಿಂಗ ಒಂದರ ಜೊತೆ, ಸೀತವ್ವ ಅವನ ಅಣ್ಣನ ಮಕ್ಕಳೊಂದಿಗೆ ಇನ್ನೊಂದರ ಜೊತೆ. ಎಂದರೆ ಅವ್ವನ ನಡಿಗೆಯಲ್ಲಿ ಫೋಟೋಕ್ಕೆ ಉಳಿದದ್ದು ಆ ಒಂದು ಬೆಳಗು.

ಮರುದಿನ ಕಾರ್ಖಾನೆಯಲ್ಲಿ ಜೊತೆಗಾರ ಪ್ರಭುವಿನ ಮುಂದೆ ಪಾಳಿ ಬದಲಿಸಿಕೊಳ್ಳುವ ಮಾತೆತ್ತಿದಳು. ಹಂಗಾಮಿನ ಭರದಲ್ಲಿ ಯಾರೂ ಪಾಳಿ ಬಿಟ್ಟುಕೊಡುವುದಿಲ್ಲ.

‘ಲಗ್ನ ಏನ್ರಿ ಅಕ್ಕಾ?’

‘ಅಲ್ಲ. ಕುರಿ.’

‘ಕುರಿ ಅಂದ್ರ ನಾನೂ ಬರ್ತೀನಿ. ಊಟಕ್ಕ ಎಷ್ಟಕ್ಕ?’

‘ತಿನ್ನೂ ಕುರಿ ಅಲ್ಲೋ. ನೋಡೂ ಕುರಿ.’

‘ಬರೇ ನೋಡೂದಾದ್ರ ನೀವ ಹೋಗ್ರಿ’ ಎಂದು ಅವನು ಪಾಳಿ ಒಪ್ಪಿಕೊಂಡ.

ಮಧ್ಯಾಹ್ನದ ಬಿಡುವಿನಲ್ಲಿ, ಕೆಟ್ಟ ಗೇಜಿನಿಂದ ಬಿಚ್ಚಿದ ಒಂದು ಹಿತ್ತಾಳೆ ಚಕ್ರದ ಹಲ್ಲುಗಳನ್ನು ಉಜ್ಜಿ ನುಣುಪು ಮಾಡಿದಳು. ಟೊಪ್ಪಿಗೆ ತೆಗೆದು ಇದನ್ನು ಕೂರಿಸಿದರೆ ತಿರುಗುವುದು ಕಾಣುತ್ತದೆ, ಉಣ್ಣೆಯೂ ಸಿಕ್ಕುವುದಿಲ್ಲ. ಅಂಚಿನಲ್ಲಿ ಬಣ್ಣದಿಂದ ಒಂದು ಬಿಳಿ ಗೆರೆ ಎಳೆದಳು. ಮರುದಿನ ಮೊದಲ ಬಸ್ಸಿಗೆ ಹೊರಟು ಸಂಕೇಶ್ವರದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಕಣಗಲಾ ತಲುಪಿದಳು. ಸೋಯಾ ಕಟಾವಾದ ಹೊಲವೊಂದರಲ್ಲಿ ಹಿಂಡು ಇನ್ನೂ ಹಟ್ಟಿಯಲ್ಲೇ ಇತ್ತು. ಸೀತವ್ವ ಕಲ್ಲೊಲೆಯ ಮುಂದೆ ಕೂತು ಚಹಾ ಕಾಸುತ್ತಿದ್ದಳು. ಎದ್ದು ನಿಲ್ಲಲು ಅವಳಿಗೆ ಎರಡು ಕೈಯೂ ಬೇಕಾದವು.

‘ನೀನ ಏನ ಬೋಳು ಮಾಡಾಕಿ?’ ಎಂದಳು. ‘ಕುಂಡ್ರು. ಮೊದಲ ಚಾ ಕುಡಿ.’

ನಂದಿನಿ ಚಹಾ ಕುಡಿದು, ಧೂಳು ಬೀಳದಂತೆ ಕ್ಯಾಮೆರಾವನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಕೈಗಳನ್ನೂ ಒಳಗೆ ಹಾಕಿ ಟೊಪ್ಪಿಗೆ ಬಿಚ್ಚಿದಳು. ಚಕ್ರ ಮೊದಲ ಸಲಕ್ಕೇ ಕೂತಿತು. ಹೊಸ ರೀಲನ್ನು ಮಾಲಿಂಗನ ಕೈಯಿಂದಲೇ ಹಾಕಿಸಿದಳು, ನಾಲಿಗೆ ಕಚ್ಚಿದೆಯೋ ಇಲ್ಲವೋ ಬೆರಳಿನಿಂದ ಎಳೆದು ನೋಡಿಸಿದಳು. ಸನ್ನೆ ಎಳೆದರೆ ಬಿಳಿ ಗೆರೆ ಒಂದಿಷ್ಟು ಸರಿಯಿತು.

‘ಕಾಣತೈತೇನ್ರಿ ಆಯಿ?’

ಸೀತವ್ವ ಕಣ್ಣು ಕಿರಿದು ಮಾಡಿ ಬಾಗಿದಳು. ‘ಏನ ಕಾಣಬೇಕು? ನುಸಿ ಗಾತ್ರ ಗೆರಿ ಹಾಕೀದಿ. ನನ್ನ ಕಣ್ಣಾಗ ಪೊರಿ ಬಂದೈತಿ.’

ನಂದಿನಿ ಬೇರೆ ಬಿಳಿ ಬಣ್ಣಕ್ಕಾಗಿ ಚೀಲ ಹುಡುಕುತ್ತಿರುವಾಗ, ಮುದುಕಿ ಗಂಟು ಬಿಚ್ಚಿ ಒಂದು ತಗಡಿನ ಡಬ್ಬಿ ತಂದಳು. ಅದರಲ್ಲಿ ಕುರಿಗಳಿಗೆ ಗುರುತು ಹಾಕುವ ಹುರಮಂಜಿತ್ತು, ಒಣಗಿದ ಕೆಂಪು ಮಣ್ಣಿನ ಪುಡಿ. ಕ್ಯಾಮೆರಾದ ಹತ್ತಿರ ಒಂದು ಕಣ ಪುಡಿ ಬರಗೊಡದವಳು ನಂದಿನಿ. ಡಬ್ಬಿಯನ್ನು ನೋಡಿದಳು, ಸೀತವ್ವನ ಕಣ್ಣು ನೋಡಿದಳು. ಆಮೇಲೆ ಚಕ್ರವನ್ನು ಮತ್ತೆ ಹೊರಗೆ ತೆಗೆದು, ತನ್ನ ಉಗುರುಬಣ್ಣದ ಸೀಸೆಯಿಂದ ನಾಲ್ಕು ಹನಿ ಹಾಕಿ, ಹುರಮಂಜನ್ನು ಅದರಲ್ಲಿ ಕಲಸಿ, ಚಕ್ರದ ಅರ್ಧಕ್ಕೆ ಬಳಿದಳು. ಅರ್ಧ ಕೆಂಪು, ಅರ್ಧ ಹಿತ್ತಾಳೆ. ಬಿಸಿಲಿನಲ್ಲಿ ಒಣಗಿಸಿ ಕೂರಿಸಿದಾಗ ಸೀತವ್ವ ಐದು ಮಾರು ದೂರದಿಂದಲೇ ‘ಬಂತು’ ಎಂದಳು.

ದಾಟುವ ಹೊತ್ತಿಗೆ ಇನ್ನೊಂದು ವಿಷಯ ತಿಳಿಯಿತು. ಹಿಂಡಿನ ಮುಂದೆ ನಡೆಯುವವಳು ಸೀತವ್ವ, ಐವತ್ತು ವರ್ಷದಿಂದ ಅದೇ ಜಾಗ. ಅವಳು ಮುಂದೆ ಹೋದರೆ ಮಾಲಿಂಗನ ಎಡಕ್ಕೆ ಯಾರೂ ಇಲ್ಲ.

‘ನೀ ನಿಲ್ಲು’ ಎಂದಳು ಸೀತವ್ವ ನಂದಿನಿಗೆ. ‘ಗಾಲಿ ಬಿಟ್ಟ ಬ್ಯಾರೆ ಏನೂ ನೋಡಬ್ಯಾಡ. ಕುರಿ ನೋಡಿದ್ರ ಮರೀತಿ.’

ಹೆದ್ದಾರಿಯಲ್ಲಿ ಲಾರಿಗಳ ಸಾಲು ತೆಳುವಾದದ್ದೇ ಸೀತವ್ವ ಕೋಲೆತ್ತಿ ಡಾಂಬರಿಗೆ ಇಳಿದಳು. ಕುಂಟುವ ಕಾಲು, ನೆಟ್ಟಗಿನ ಬೆನ್ನು. ಹಿಂದೆ ಕರಿ ಕುರಿಗಳ ಹಿಂಡು ನೀರು ಬಿಟ್ಟ ಹಾಗೆ ಹರಿಯಿತು. ಹೀಗೆಂದು ಮಾಲಿಂಗ ಆಮೇಲೆ ಹೇಳಿದ. ನಂದಿನಿ ಅದನ್ನು ನೋಡಲಿಲ್ಲ. ಅವಳ ಕಣ್ಣು ಅಂಗುಲಕ್ಕಿಂತ ಚಿಕ್ಕದಾದ ಒಂದು ಚಕ್ರದ ಮೇಲಿತ್ತು.

‘ಬಂತು’ ಎಂದಳು. ಹಾರನ್ನುಗಳ ನಡುವೆ ಮತ್ತೆ, ‘ಬಂತು.’ ಮತ್ತೆ.

ಅರ್ಧ ಹಿಂಡು ಇನ್ನೂ ಈಚೆ ಇರುವಾಗ ಸನ್ನೆ ಬಿಗಿಯಾಗಿ ನಿಂತಿತು. ‘ತುದಿ ಬಂತ್ರಿ’ ಎಂದು ಮಾಲಿಂಗ ಕ್ಯಾಮೆರಾವನ್ನು ಕಂಬಳಿಯೊಳಗೆ ಸರಿಸಿ, ಸಿಳ್ಳೆ ಹಾಕುತ್ತ ಉಳಿದ ಕುರಿಗಳ ಹಿಂದೆ ಓಡಿದ. ಒಂದು ಲಾರಿ ತಾಳ್ಮೆಗೆಟ್ಟು ಮುಂದಕ್ಕೆ ತೆವಳಿತು. ನಂದಿನಿ ಅದರ ಮುಂದೆ ಕೈ ಅಗಲಿಸಿ ನಿಂತಳು.

‘ಏನ್ರಿ ಮೇಡಂ, ನಿಮ್ಮ ಕುರಿ ಏನ್ರಿ?’ ಎಂದ ಚಾಲಕ ಕಿಟಕಿಯಿಂದ.

‘ಇವತ್ತಿಗೆ ನಮ್ಮವು’ ಎಂದಳು.

ಆಚೆ ದಂಡೆಯಲ್ಲಿ ಮಾಲಿಂಗ ರೀಲು ಸುತ್ತಿ ಅವಳ ಕೈಗೆ ಕೊಟ್ಟ. ಮಧ್ಯಾಹ್ನದ ಪಾಳಿಗೆ ಅವಳು ಕಾರ್ಖಾನೆಯಲ್ಲಿದ್ದಳು.

ಈಗ ನಂದಿನಿಯ ಬಳಿ ಕ್ಯಾಮೆರಾ ತಂದವರು ಎರಡು ರೀಲಿನ ಪರೀಕ್ಷೆ ಮುಗಿಸಿ ಒಬ್ಬರೇ ಬಂದರೆ ಕೆಲಸ ಶುರುವಾಗುವುದಿಲ್ಲ. ‘ಫೋಟೋ ತಗಿಯುವಾಗ ಬಾಜೂಕ ಯಾರ ಇರ್ತಾರು?’ ಎಂದು ಕೇಳುತ್ತಾಳೆ. ಹೆಂಡತಿ, ಗೆಳೆಯ, ಮಗಳು, ಯಾರೇ ಆಗಲಿ ಅವರನ್ನೂ ಕರೆತರಬೇಕು. ಒಬ್ಬ ನಿವೃತ್ತ ಮಾಸ್ತರು ಇದೇ ಕಾರಣಕ್ಕೆ ಸಿಟ್ಟಾಗಿ ಕ್ಯಾಮೆರಾ ತಿರುಗಿ ಒಯ್ದರು. ನಂದಿನಿ ತಡೆಯಲಿಲ್ಲ.

ಕಣಗಲಾದ ರೀಲನ್ನು ತೊಳೆದದ್ದು ಹೆದ್ದಾರಿ ದಾಟಿದ ಮರುದಿನ. ಪಟ್ಟಿ ಇನ್ನೂ ಹಸಿಯಾಗಿರುವಾಗಲೇ ಫೋನ್ ಮಾಡಿದಳು. ಆ ದಿನ ಫೋನು ಸೀತವ್ವನ ಪಾಲಿನ ಹಿಂಡಿನ ಜೊತೆ ಇತ್ತು.

‘ಬಂದಾವು, ಆಯಿ.’

‘ಕುರಿ?’

‘ಕುರೀನೂ ಬಂದಾವು, ನೀವೂ ಬಂದೀರಿ. ಈ ಪಟ್ಟಿನ್ಯಾಗ ಕರಿ ಎಲ್ಲಾ ಬೆಳ್ಳಗ ಕಾಣತೈತಿ. ನಿಮ್ಮ ಹಿಂಡೆಲ್ಲಾ ಬೆಳ್ಳಗ ಆಗೇತಿ.’

ಸೀತವ್ವ ನಕ್ಕದ್ದು ಫೋನಿನಲ್ಲಿ ಕೆಮ್ಮಿನಂತೆ ಕೇಳಿತು. ‘ಹಂಗಾರ ಯಾರೂ ನಮ್ಮ ಕುರಿ ಅನ್ನೂದಿಲ್ಲ ಬಿಡು.’

‘ಹಿಂದಿನ ಇಪ್ಪತ್ತೆರಡ ದಿನದ್ದು ಮಾತ್ರ ಹೋತು, ಆಯಿ. ಅದನ್ನ ತಿರಗಿ ಕೊಡಾಕ ನನ್ನ ಕಡೆ ಆಗೂದಿಲ್ಲ.’

‘ಅದನ್ನ ಒಮ್ಮೆ ಹೇಳಿದಿಯಲ್ಲ’ ಎಂದಳು ಸೀತವ್ವ. ‘ಈಗ ಬಂದದ್ದ ಹೇಳು. ಮೊದಲನೇದರಾಗ ನನ್ನ ಬೆನ್ನಿಗೆ ಯಾವ ಕುರಿ ಐತಿ? ಕಿವಿ ಹರದದ್ದು ಇರಬೇಕು, ನೋಡು.’

ನಂದಿನಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಎತ್ತಿ, ಭೂತಗನ್ನಡಿ ಹಿಡಿದು, ಮೊದಲ ಚೌಕದಲ್ಲಿ ಹರಿದ ಕಿವಿಯನ್ನು ಹುಡುಕತೊಡಗಿದಳು.